ಖೋ ಕೊಟ್ಟು ಕುಳಿತುಕೊಳ್ಳುವ ಪಾಠ

(ಪ್ರೌಢಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಈ ದಿನ ಬಹುಮಾನ ಹಂಚುವ ಕಾರ್ಯ ನಮ್ಮ ಪಾಲಿಗೆ ಬಂದಿತು. ಓದಿನಲ್ಲಿ ಮುಂದಿರುವ ಮಕ್ಕಳನ್ನು ಕರೆದಾಗ ನೀವೆಲ್ಲರೂ ಚಪ್ಪಾಳೆ ತಟ್ಟಿದಿರಿ. ಆಟದಲ್ಲಿ ಮುಂದಿರುವ ಮಕ್ಕಳನ್ನು ಕರೆದಾಗ ಮಕ್ಕಳು ಮಾತ್ರ ತಟ್ಟಿದರು. ಹಿರಿಯರ ಕೈಗಳು ಮಡಿಲಲ್ಲೇ ಉಳಿದವು. ನಿಮ್ಮನ್ನು ಆಕ್ಷೇಪಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ನಮ್ಮ ಕೈಯೂ ಬಹುಕಾಲ ಹಾಗೆಯೇ ಇತ್ತು. ಆದ್ದರಿಂದ ಇಂದು ಆ ವಿಷಯವನ್ನೇ ನಾಲ್ಕು ಮಾತಿನಲ್ಲಿ ಹೇಳಬೇಕೆಂದು ಮನಸ್ಸಾಗಿದೆ.

ನಾವು ಬಾಲ್ಯದಲ್ಲಿಯೇ ಮಠಕ್ಕೆ ಸೇರಿ ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರು. ಬೆಳಗಿನ ಜಾವ ಎದ್ದು ಸ್ನಾನ, ಪೂಜೆ. ಆಮೇಲೆ ಅಮರಕೋಶ, ಶಬ್ದ, ಧಾತು. ‘ಧಾವತಿ, ಧಾವತಃ, ಧಾವಂತಿ’ ಎಂದು ಓಡುವ ಧಾತುವಿನ ರೂಪಗಳನ್ನು ಎಲ್ಲಿಯೂ ನಿಲ್ಲದೆ ಹೇಳುತ್ತಿದ್ದೆವು. ಓಡುವುದಕ್ಕೆ ಮಾತ್ರ ನಮಗೆ ಬರುತ್ತಿರಲಿಲ್ಲ. ಕಾಳಿದಾಸನ ಕುಮಾರಸಂಭವದ ಐದನೆಯ ಸರ್ಗದಲ್ಲಿ, ತಪಸ್ಸಿಗೆ ನಿಂತ ಪಾರ್ವತಿಗೆ ವಟುವೇಷದ ಶಿವನು ದೇಹವನ್ನು ಅಲಕ್ಷಿಸಬಾರದೆಂದು ನೆನಪಿಸುವ ಪ್ರಸಂಗವಿದೆ. ಆ ಶ್ಲೋಕವೂ ನಮಗೆ ಬಾಯಿಪಾಠವಾಗಿತ್ತು. ಬಾಯಿಗೆ ಬಂದದ್ದು ಮೈಗೆ ಬಂದಿರಲಿಲ್ಲ. ಹೀಗೆ ಬೆಳೆದವರು ನಾವು. ಆಟವೆಂದರೆ ಓದಿಗೆ ಶತ್ರುವೆಂದೇ ತಿಳಿದಿದ್ದೆವು.

ಕಳೆದ ವರ್ಷ ಶ್ರಾವಣಮಾಸದಲ್ಲಿ ನಾಗಮಂಗಲದ ಕಡೆಯ ಒಬ್ಬ ಭಕ್ತರು ಫಲತಾಂಬೂಲ ಹಿಡಿದು ಮಗಳೊಡನೆ ಮಠಕ್ಕೆ ಬಂದರು. ಮಗು ಒಂಬತ್ತನೆಯ ತರಗತಿ. ನಮಸ್ಕಾರ ಮಾಡಿದ ಮೇಲೆ ತಂದೆ ಹೇಳಿದರು: ‘ಬುದ್ಧಿ, ಇವಳಿಗೆ ತಾವೇ ಒಂದು ಮಾತು ಹೇಳಬೇಕು. ಈ ವರ್ಷ ಹೊಸದಾಗಿ ಖೋ-ಖೋ ಅಂತ ಹಿಡಿದವಳೆ. ಬರೋ ವರ್ಷ ಎಸ್ಸೆಸ್ಸೆಲ್ಸಿ. ಸಂಜೆ ಮನೆಗೆ ಬರೋ ಹೊತ್ತಿಗೆ ಕತ್ತಲಾಯ್ತದೆ. ಹೆಣ್ಣುಮಗ. ನಾಲ್ಕು ಜನ ಏನಂದಾರು?’

ನಾವು ಮಗುವಿನ ಕಡೆ ನೋಡಿದೆವು. ಅವಳು ತಲೆ ತಗ್ಗಿಸಿದ್ದಳು. ‘ಏನು ತಾಯಿ, ಆಟ ಅಷ್ಟು ಚೆನ್ನಾಗಿದೆಯೋ?’ ಎಂದು ಕೇಳಿದೆವು. ಅವಳ ಉತ್ತರ ನಾವು ನಿರೀಕ್ಷಿಸಿದ್ದಲ್ಲ. ‘ಇನ್ನೂ ಆಡೇ ಇಲ್ಲ ಬುದ್ಧಿ. ಒಂದು ತಿಂಗಳಿಂದ ಸಾಲಲ್ಲಿ ಕೂತಿದೀನಿ. ಮಿಕ್ಕೋರೆಲ್ಲ ಐದನೇ ಕ್ಲಾಸಿಂದ ಆಡ್ತಾವ್ರೆ. ನಂಗೆ ಯಾರೂ ಖೋ ಕೊಡಲ್ಲ’ ಎಂದಳು. ಕಣ್ಣಲ್ಲಿ ನೀರು ಬಂತು.

ಖೋ ಕೊಡುವುದೆಂದರೇನೆಂದು ನಮಗೆ ತಿಳಿಯದು. ತಿಳಿಸು ತಾಯಿ ಎಂದೆವು. ತಂದೆ ತಂದಿದ್ದ ತಟ್ಟೆಯಿಂದ ಎಂಟು ವೀಳ್ಯದೆಲೆ ತೆಗೆದು ಅವಳು ನಮ್ಮ ಮುಂದೆ ನೆಲದ ಮೇಲೆ ಒಂದೇ ಸಾಲಿನಲ್ಲಿ ಜೋಡಿಸಿದಳು. ಒಂದು ಎಲೆಯ ತುದಿ ಪೂರ್ವಕ್ಕೆ, ಅದರ ಪಕ್ಕದ್ದು ಪಶ್ಚಿಮಕ್ಕೆ, ಮತ್ತೊಂದು ಪೂರ್ವಕ್ಕೆ. ಸಾಲಿನ ಎರಡು ಕೊನೆಗೆ ಎರಡು ಬಾಳೆಹಣ್ಣು ಇಟ್ಟು ಅವು ಕಂಬ ಎಂದಳು. ಮೂರು ಅಡಿಕೆ ಇಟ್ಟು ಅವರು ತಪ್ಪಿಸಿಕೊಂಡು ಓಡುವವರು ಎಂದಳು. ಒಂಬತ್ತನೆಯ ಎಲೆಯನ್ನು ಕೈಯಲ್ಲಿ ಹಿಡಿದು, ಇವಳು ಅಟ್ಟಿಸಿಕೊಂಡು ಹೋಗುವವಳು ಎಂದಳು.

ಆಮೇಲೆ ನಿಯಮ ಹೇಳಿದಳು. ಓಡುವವರು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಿ ಆಚೆಗೆ ಹೋಗಬಹುದು. ಅಟ್ಟಿಸುವವಳು ನಡುವಿನ ಪಟ್ಟೆಯನ್ನು ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಬಿಟ್ಟು ಹಿಂದಕ್ಕೆ ತಿರುಗುವಂತೆಯೂ ಇಲ್ಲ. ಹಾಗಾದರೆ ಆಚೆಗೆ ಹೋದವರನ್ನು ಹಿಡಿಯುವುದು ಹೇಗೆ? ಆಚೆಗೆ ಮುಖಮಾಡಿ ಕುಳಿತವಳ ಬೆನ್ನು ಮುಟ್ಟಿ, ಗಟ್ಟಿಯಾಗಿ ‘ಖೋ’ ಎನ್ನಬೇಕು. ಅವಳು ಎದ್ದು ಓಡುತ್ತಾಳೆ. ಖೋ ಕೊಟ್ಟವಳು ಅವಳ ಜಾಗದಲ್ಲಿ ಕುಳಿತುಕೊಳ್ಳಬೇಕು. ಖೋ ಬರುವ ಮೊದಲೇ ಎದ್ದರೆ ತಪ್ಪು. ಬಂದ ಮೇಲೆ ತಡಮಾಡಿದರೂ ನಷ್ಟ.

ಬಂಧುಗಳೇ, ಆ ಮಗು ಇಷ್ಟು ಹೇಳಿದ ಮೇಲೆ ನಾವು ಸ್ವಲ್ಪ ಹೊತ್ತು ಆ ಎಲೆಗಳನ್ನೇ ನೋಡುತ್ತ ಕುಳಿತೆವು. ನಮಗೆ ಬೆನ್ನುಮಾಡಿ ಕುಳಿತವರನ್ನು ನಾವು ಲೋಕದಲ್ಲಿ ವಿರೋಧಿಗಳೆಂದು ತಿಳಿಯುತ್ತೇವೆ. ಈ ಆಟದಲ್ಲಿ ನಮಗೆ ಬೆನ್ನುಮಾಡಿ ಕುಳಿತವರೇ ನಮಗೆ ಬೇಕಾದವರು. ನಾವು ದಾಟಲಾರದ ಗೆರೆಯ ಆಚೆಗೆ ಹೋಗಬಲ್ಲವರು ಅವರೊಬ್ಬರೇ. ಎಲ್ಲರೂ ಒಂದೇ ದಿಕ್ಕಿಗೆ ಮುಖಮಾಡಿದರೆ ಈ ಆಟ ನಡೆಯುವುದೇ ಇಲ್ಲ. ಇನ್ನೊಂದು ವಿಷಯ: ಎಷ್ಟೇ ವೇಗವಾಗಿ ಓಡಬಲ್ಲವನಾದರೂ ಒಬ್ಬನೇ ಓಡಿ ಗೆಲ್ಲಲಾರ. ಇನ್ನೊಬ್ಬನನ್ನು ಎಬ್ಬಿಸಿ ತಾನು ಕುಳಿತುಕೊಳ್ಳಬೇಕು. ಊರೂರಿನಲ್ಲಿ, ಸಂಘ-ಸಂಸ್ಥೆಗಳಲ್ಲಿ, ಮನೆಮನೆಯಲ್ಲಿ ಯಾರಿಗೂ ಖೋ ಕೊಡದೆ ತಾವೇ ಓಡಿ ಏದುಸಿರು ಬಿಡುತ್ತಿರುವ ಹಿರಿಯರಿದ್ದಾರೆ. ಪೀಠದ ಮೇಲೆ ಕುಳಿತ ನಮ್ಮಂಥವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು.

ಆದರೂ ಆ ಹೊತ್ತಿನಲ್ಲಿ ನಮ್ಮ ಬಾಯಿಗೆ ಬಂದಿದ್ದ ಮಾತು, ‘ತಂದೆ ಹೇಳಿದಂತೆ ಕೇಳು, ಬಿಟ್ಟುಬಿಡು’ ಎಂಬುದೇ. ಅದನ್ನು ತಡೆದದ್ದು ಒಂದು ಹಳೆಯ ನೆನಪು. ಅದನ್ನು ನಾವು ಸಭೆಯಲ್ಲಿ ಇದುವರೆಗೆ ಹೇಳಿಲ್ಲ, ಇಂದು ಹೇಳುತ್ತೇವೆ.

ಸುಮಾರು 20 ವರ್ಷಗಳ ಹಿಂದೆ, ನಾವು ಪೀಠಕ್ಕೆ ಬಂದ ಹೊಸತರಲ್ಲಿ, ಮಠದ ಉಚಿತ ಪ್ರಸಾದ ನಿಲಯದಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಾವತಿ ದಂಡೆಯ ಒಬ್ಬ ಹುಡುಗನಿದ್ದ. ಎಂಟನೆಯ ತರಗತಿಗೆ ಸೇರಿದವನು. ಆ ಮೊದಲು ಚೆಂಡು ಮುಟ್ಟಿದವನಲ್ಲ. ಡ್ರಿಲ್ ಮೇಷ್ಟರು ಅವನ ಎತ್ತರ ನೋಡಿ ವಾಲಿಬಾಲ್ ತಂಡಕ್ಕೆ ಸೇರಿಸಿಕೊಂಡರು. ಸಂಜೆಯ ಪ್ರಾರ್ಥನೆಗೆ ಅವನು ಎರಡು ಮೂರು ಬಾರಿ ತಡವಾಗಿ ಬಂದ. ನಾವು ಕರೆಸಿ, ‘ಚೆಂಡು ಅನ್ನ ಹಾಕುವುದಿಲ್ಲ’ ಎಂದು ಗದರಿಸಿ ಆಟ ಬಿಡಿಸಿದೆವು. ಅವನು ಎದುರು ಆಡಲಿಲ್ಲ. ಮರುದಿನದಿಂದ ಸಂಜೆ ಪುಸ್ತಕ ಹಿಡಿದು ಕುಳಿತ. ನಾವು ಆ ದಾರಿಯಲ್ಲಿ ಹೋಗುವಾಗಲೆಲ್ಲ ಪುಸ್ತಕ ತೆರೆದೇ ಇರುತ್ತಿತ್ತು. ಪುಟ ಮಾತ್ರ ತಿರುಗುತ್ತಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದವನು ಮರಳಲಿಲ್ಲ. ಮನೆಯಲ್ಲಿ ಕಷ್ಟವೂ ಇತ್ತು. ನಮ್ಮ ಮಾತೊಂದೇ ಕಾರಣವೆಂದು ಹೇಳಲಾರೆವು. ಅದು ಕಾರಣವಲ್ಲವೆಂದೂ ಹೇಳಲಾರೆವು. ಆ ಹುಡುಗನನ್ನು ಶಾಲೆಗೆ ಕಟ್ಟಿಹಾಕಿದ್ದ ಹಗ್ಗ ಯಾವುದೆಂದು ತಿಳಿಯದೆ ನಾವು ಅದನ್ನೇ ಕತ್ತರಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗಾಡಿ ನಿಲ್ಲಿಸಿ ಒಬ್ಬಾತ ಬಂದು ನಮ್ಮ ಕಾಲು ಮುಟ್ಟಿದ. ಅವನೇ. ಮುಖದಲ್ಲಿ ಯಾವ ಸಿಟ್ಟೂ ಇರಲಿಲ್ಲ. ಹೊರಡುವಾಗ ಒಂದು ಮಾತು ಹೇಳಿದ: ‘ನನ್ನ ಮಗನ್ನ ಆಟಕ್ಕೆ ಬಿಟ್ಟಿದೀನಿ ಬುದ್ಧಿ. ಬಯ್ಯಬೇಡಿ.’ ಕೈಮುಗಿದು ಹೇಳಿದ. ಇಷ್ಟು ವರ್ಷ ನಮ್ಮನ್ನು ಹೊಗಳಿದವರು ಅನೇಕರು. ಆ ಮಾತುಗಳು ಒಂದೂ ನೆನಪಿಲ್ಲ. ಇದು ಮರೆತಿಲ್ಲ.

ಆದ್ದರಿಂದ ನಾಗಮಂಗಲದ ಆ ತಂದೆಗೆ ನಾವು ಹೇಳಿದ್ದಿಷ್ಟು: ‘ನೋಡಪ್ಪಾ, ಬೆಳಗಿನ ಹೊತ್ತು ಓದಿಗೆ, ಸಂಜೆ ಒಂದು ಗಂಟೆ ಆಟಕ್ಕೆ. ಕತ್ತಲಿನ ಭಯ ನಿಜ. ಅದಕ್ಕೆ ಮದ್ದು ಮಗುವನ್ನು ಮನೆಯಲ್ಲಿ ಕೂರಿಸುವುದಲ್ಲ. ನೀನು ಮೈದಾನಕ್ಕೆ ಹೋಗಿ ಕರೆತರುವುದು.’ ಮಗುವಿಗೆ, ‘ತಾಯಿ, ಖೋ ಬರುವ ತನಕ ಏಳಬೇಡ, ಬಂದಾಗ ನಿದ್ದೆಯಲ್ಲಿರಬೇಡ. ಕುಳಿತಿರುವುದೂ ಆಟವೇ’ ಎಂದೆವು. ಅವಳ ಶಾಲೆಯ ದೈಹಿಕ ಶಿಕ್ಷಕರು ನಮಗೆ ಪರಿಚಿತರು. ಅವರಿಗೂ ಒಂದು ಮಾತು ಹೇಳಿ ಕಳುಹಿಸಿದೆವು. ಅವರು ಅಭ್ಯಾಸದ ಹೊತ್ತಿಗೆ ಒಂದು ಕಟ್ಟಳೆ ಮಾಡಿದರಂತೆ: ಸಾಲಿನಲ್ಲಿ ಕುಳಿತ ಎಂಟು ಜನಕ್ಕೂ ಒಂದೊಂದು ಖೋ ಸಿಗುವವರೆಗೆ ಆ ದಿನದ ಆಟ ಮುಗಿಯುವಂತಿಲ್ಲ.

ಮುಂದೇನಾಯಿತು ಎನ್ನುವಿರಿ. ದೊಡ್ಡ ಪವಾಡವೇನೂ ಆಗಲಿಲ್ಲ. ಹೋಬಳಿ ಮಟ್ಟದಲ್ಲಿ ಗೆದ್ದರು. ತಾಲ್ಲೂಕು ಮಟ್ಟದಲ್ಲಿ ಸೋತರು. ಈ ಮಗು ಓಡುವ ಸರದಿಯಲ್ಲಿ ಒಂದು ನಿಮಿಷವೂ ನಿಲ್ಲದೆ ಔಟಾದಳು. ಆದರೆ ಅಟ್ಟಿಸುವ ಸರದಿಯಲ್ಲಿ ಅವಳಿಗೆ ನಾಲ್ಕು ಖೋ ಬಂದವಂತೆ. ಮಠಕ್ಕೆ ಬಂದು ಅದನ್ನು ನಾಲ್ಕು ಬೆರಳು ಎತ್ತಿ ತೋರಿಸಿದಳು. ಸೋತದ್ದನ್ನು ಆಮೇಲೆ ಹೇಳಿದಳು. ಅವಳ ತಂದೆ ಈಗ ದಿನವೂ ಸಂಜೆ ಮೈದಾನದ ಅಂಚಿನಲ್ಲಿ ಕುಳಿತಿರುತ್ತಾರೆ. ಪರೀಕ್ಷೆ ಮುಂದಿದೆ. ಅದರ ಫಲ ಏನಾಗುವುದೋ ಅವಳ ಶ್ರಮಕ್ಕೆ ಬಿಟ್ಟದ್ದು.

ದೊಡ್ಡ ಆಟಗಾರರ ಮಾತನ್ನೂ ಹೇಳದೆ ಬಿಡಬಾರದು. ನಮ್ಮ ಶ್ರೀರಂಗಪಟ್ಟಣವನ್ನು ಬಳಸಿ ಹರಿದ ಕಾವೇರಿ ಮುಂದೆ ತಿರುಮಕೂಡಲಿನಲ್ಲಿ ಕಪಿಲೆಯನ್ನು ಸೇರುತ್ತಾಳೆ. ಆ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಮಗಳು ಚೈತ್ರಾ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊಟ್ಟಮೊದಲ ಖೋ-ಖೋ ವಿಶ್ವಕಪ್ ನಡೆದಾಗ ಭಾರತದ ಮಹಿಳೆಯರು ಅಂತಿಮ ಪಂದ್ಯದಲ್ಲಿ ನೇಪಾಳವನ್ನು 78–40ರಿಂದ ಗೆದ್ದರು. ಆ ತಂಡದಲ್ಲಿ ಚೈತ್ರಾ ಇದ್ದರು. ಅವರಿದ್ದ ಓಟಗಾರರ ಗುಂಪು 5 ನಿಮಿಷಕ್ಕೂ ಹೆಚ್ಚು ಹೊತ್ತು ಎದುರಾಳಿಗಳಿಗೆ ಸಿಕ್ಕದೆ ಉಳಿಯಿತು. ಪುರುಷರೂ ನೇಪಾಳವನ್ನೇ 54–36ರಿಂದ ಗೆದ್ದರು. ಆ ತಂಡದಲ್ಲಿ ನಮ್ಮ ನಾಡಿನ ಗೌತಮ್ ಇದ್ದರು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ನಿಯಮಗಳು ರೂಪುಗೊಂಡ ಆಟ ಲೋಕದ ಅಂಗಳಕ್ಕೆ ಬರಲು ನೂರು ವರ್ಷಕ್ಕೂ ಮಿಗಿಲಾಯಿತು. ಕಾದು ಕುಳಿತವರಿಗೆ ಒಂದು ದಿನ ಖೋ ಬರುತ್ತದೆ. ಆದರೆ ಪೋಷಕರೇ, ನಿಮ್ಮ ಮಕ್ಕಳೆಲ್ಲರೂ ದೆಹಲಿಗೆ ಹೋಗುತ್ತಾರೆಂದು ಆಸೆ ಹಚ್ಚಿ ಆಟಕ್ಕೆ ಕಳುಹಿಸಬೇಡಿ. ಹೋಗದಿದ್ದರೂ ಆಟ ಕೊಟ್ಟದ್ದು ಮೈಯಲ್ಲಿ ಉಳಿಯುತ್ತದೆ.

ತಾಯಂದಿರಿಗೆ ಎರಡು ಮಾತು. ಹೊಸದಾಗಿ ಆಟಕ್ಕೆ ಇಳಿದ ಮಗುವಿಗೆ ಮೊದಲ ತಿಂಗಳು ಕಾಲು ನೋಯುತ್ತದೆ, ಮಂಡಿ ತರಚುತ್ತದೆ, ಅದಕ್ಕೆ ಹೆದರಬೇಡಿ. ರಾಗಿಮುದ್ದೆ, ಸೊಪ್ಪು, ಮೊಳಕೆಕಾಳು, ಹಾಲು ನಮ್ಮ ಮನೆಯಲ್ಲೇ ಇವೆ. ಗಂಡುಮಗನಿಗೆ ಬಡಿಸಿದಷ್ಟನ್ನೇ ಹೆಣ್ಣುಮಗಳಿಗೂ ಬಡಿಸಿ. ತಿಂಗಳ ದಿನಗಳಲ್ಲಿ ಮಗುವಿಗೆ ಆಯಾಸವಾದರೆ ವಿಶ್ರಾಂತಿ ಕೊಡಿ. ಆದರೆ ಸೂತಕವೆಂದು ಹೇಳಿ ಮೂಲೆಗೆ ಕೂರಿಸಬೇಡಿ. ಬಸವಾದಿ ಶರಣರು ಪಂಚಸೂತಕಗಳನ್ನು ತಳ್ಳಿಹಾಕಿ ಎಂಟು ಶತಮಾನಗಳು ಕಳೆದವು. ನಾವಿನ್ನೂ ಅದನ್ನು ಹಿಡಿದುಕೊಂಡಿದ್ದರೆ ಕೊರಳಲ್ಲಿ ಇಷ್ಟಲಿಂಗ ಧರಿಸಿದ್ದಕ್ಕೆ ಅರ್ಥವೇನು?

ಈ ಸಭೆಯಲ್ಲಿ ನಾಲ್ಕು ತಾಲ್ಲೂಕಿನ ಮಕ್ಕಳಿದ್ದೀರಿ. ಶ್ರೀರಂಗಪಟ್ಟಣದವರು ಹೊಳೆಯ ನೀರು ಕಂಡವರು, ಪಾಂಡವಪುರದವರು ನಾಲೆಯ ನೀರು ಕಂಡವರು, ಕೃಷ್ಣರಾಜಪೇಟೆಯವರು ಹೇಮಾವತಿಯನ್ನು ನೆಚ್ಚಿದವರು, ನಾಗಮಂಗಲದವರು ಬಹುಪಾಲು ಮಳೆಗೆ ಮುಖ ಎತ್ತಿದವರು. ಒಬ್ಬೊಬ್ಬರ ಮುಖ ಒಂದೊಂದು ದಿಕ್ಕಿಗೆ. ಆದರೂ ಒಂದೇ ಸಾಲಿನಲ್ಲಿ ಕುಳಿತಿದ್ದೀರಿ. ಚೆನ್ನಾಗಿ ಆಡಬಲ್ಲ ಮಕ್ಕಳಿಗೆ ನಮ್ಮ ಅಪ್ಪಣೆ ಇಷ್ಟೇ: ತಡವಾಗಿ ಬಂದವರು, ಬಡವರು, ಕುಳ್ಳರು, ಮಾತು ಬಾರದವರು ನಿಮ್ಮ ಸಾಲಿನಲ್ಲಿ ಕಾದು ಕುಳಿತಿರುತ್ತಾರೆ. ಸೋತರೂ ಚಿಂತೆಯಿಲ್ಲ, ಅವರ ಬೆನ್ನು ಮುಟ್ಟಿ ಒಂದು ಖೋ ಕೊಡಿ. ಹೊಸದಾಗಿ ಬಂದ ಮಕ್ಕಳೇ, ನೀವು ಎಚ್ಚರವಾಗಿ ಕುಳಿತಿರಿ.

ಈಗ ಒಂದು ಕೆಲಸ ಬಾಕಿ ಉಳಿದಿದೆ. ಆಟದಲ್ಲಿ ಬಹುಮಾನ ಪಡೆದ ಮಕ್ಕಳು ಮತ್ತೊಮ್ಮೆ ಎದ್ದು ನಿಲ್ಲಲಿ. ಹಿರಿಯರು ಈಗ ಚಪ್ಪಾಳೆ ತಟ್ಟಲಿ, ನಾವೂ ತಟ್ಟುತ್ತೇವೆ.