ಮೊದಲು ವಾರ್ಡು, ಆಮೇಲೆ ಎಂ.ಎಸ್ಸಿ.

(ದಾದಿಯರ ದಿನದ ಅಂಗವಾಗಿ ಮಹಿಳಾ ವಿಭಾಗವು ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೇ 12 ಬಂತೆಂದರೆ ಫ್ಲಾರೆನ್ಸ್ ನೈಟಿಂಗೇಲ್ ಅವರ ದೀಪದ ಬಗ್ಗೆ ಮಾತಾಡುವುದು ವಾಡಿಕೆ. ಇವತ್ತು ನಾನು ಅದನ್ನು ಬಿಟ್ಟು, ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ನಡೆಯುವ ಒಂದು ಚರ್ಚೆಯನ್ನು ಎತ್ತಿಕೊಳ್ಳುತ್ತೇನೆ. ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಓದುವ ಅಭ್ಯಾಸ ಇರುವಾಗಲೇ ಎಂ.ಎಸ್ಸಿ. ಮುಗಿಸಿಬಿಡಲಿ ಎಂದು ಅಪ್ಪ ಹೇಳುತ್ತಾರೆ. ಎಂ.ಎಸ್ಸಿ. ಮಾಡಿದರೆ ಕಾಲೇಜಿನಲ್ಲಿ ಪಾಠ ಮಾಡಬಹುದು, ನೈಟ್ ಡ್ಯೂಟಿ ಇರುವುದಿಲ್ಲ ಎಂದು ಅಮ್ಮ ಸೇರಿಸುತ್ತಾರೆ. ಸಂಬಂಧ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆಯೂ ಅದೇ: "ನೈಟ್ ಇದೆಯಾ?"

ನಾನು ಮುಂಬೈಯ ಮುನಿಸಿಪಲ್ ಆಸ್ಪತ್ರೆಗಳಲ್ಲಿ 18 ವರ್ಷ ವಾರ್ಡಿನಲ್ಲಿ ಇದ್ದವಳು. ಆಮೇಲೆ 12 ವರ್ಷ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಹೇಳಿ ನಿವೃತ್ತಳಾದೆ. ಎರಡೂ ಕಡೆ ಕಂಡವಳಾಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಖಂಡಿತ ಮಾಡಿ. ಆದರೆ ಅದಕ್ಕೆ ಮೊದಲು ಎರಡು ವರ್ಷ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕೆಲಸ ಮಾಡಿ.

ನಿಯಮ ಏನು ಹೇಳುತ್ತದೆ ನೋಡೋಣ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಎಂ.ಎಸ್ಸಿ. ಸೇರಲು ಬಿ.ಎಸ್ಸಿ.ಯಲ್ಲಿ ಕನಿಷ್ಠ ಶೇ. 55 ಅಂಕ ಬೇಕು, ನೋಂದಣಿ ಆಗಿರಬೇಕು, ಬಿ.ಎಸ್ಸಿ. ಆದ ಮೇಲೆ ಕನಿಷ್ಠ ಒಂದು ವರ್ಷದ ಕೆಲಸದ ಅನುಭವವೂ ಬೇಕು. ಹಾಗಾದರೆ ಚರ್ಚೆ ಯಾಕೆ ಅನ್ನುತ್ತೀರಿ. ಆ ಒಂದು ವರ್ಷವನ್ನು ಹೇಗೆ ಕಳೆಯುತ್ತಾರೆ ಎಂಬುದರಲ್ಲೇ ಎಲ್ಲ ಇದೆ. ಪರಿಚಯದ ನರ್ಸಿಂಗ್ ಹೋಮಿನಲ್ಲಿ ಹೆಸರು ಬರೆಸಿ, ಮನೆಯಲ್ಲೇ ಕೂತು ಪ್ರವೇಶ ಪರೀಕ್ಷೆಗೆ ಓದಿ, ಕೊನೆಗೆ ಒಂದು ಸರ್ಟಿಫಿಕೇಟ್ ತಂದವರನ್ನು ನಾನು ನೋಡಿದ್ದೇನೆ. ಆ ಕಾಗದ ಸೀಟು ಕೊಡಿಸುತ್ತದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿದ ರೋಗಿಯ ಮುಂದೆ ಅದು ಕೈ ಹಿಡಿಯುವುದಿಲ್ಲ.

ವಾರ್ಡು ಏನು ಕಲಿಸುತ್ತದೆ? ಒಂದೆರಡು ಉದಾಹರಣೆ ಕೊಡುತ್ತೇನೆ. ಗರ್ಭಕೋಶದ ಆಪರೇಷನ್ ಆಗಿ ಬಂದ ಹೆಂಗಸು ಮಲಗಿದ್ದಾಳೆ. ಬಿ.ಪಿ. ಸರಿಯಾಗಿದೆ. ಹೊಸ ಸಿಸ್ಟರ್ ಚಾರ್ಟಿನಲ್ಲಿ ಬರೆದು ಮುಂದಿನ ಹಾಸಿಗೆಗೆ ಹೋಗುತ್ತಾಳೆ. ಅನುಭವ ಇದ್ದವಳು ಅಲ್ಲೇ ನಿಲ್ಲುತ್ತಾಳೆ. ರೋಗಿ ಸುಮ್ಮನೆ ಹೊರಳಾಡುತ್ತಿದ್ದಾಳೆ, ಕೈ ತಣ್ಣಗಿದೆ, ನಾಡಿ ಅರ್ಧ ಗಂಟೆಯ ಹಿಂದಿಗಿಂತ ಜೋರಾಗಿದೆ. ಒಳಗೆ ರಕ್ತ ಸೋರುವಾಗ ಮೊದಲು ನಾಡಿ ಏರುತ್ತದೆ, ಬಿ.ಪಿ. ಇಳಿಯುವುದು ತಡವಾಗಿ. ಇದು ಪುಸ್ತಕದಲ್ಲೂ ಇದೆ, ಪರೀಕ್ಷೆಯಲ್ಲೂ ಬರುತ್ತದೆ. ಆದರೆ 40 ಹಾಸಿಗೆಯ ವಾರ್ಡಿನಲ್ಲಿ, ನಾಲ್ಕು ಜನ ಒಟ್ಟಿಗೆ ಕರೆಯುತ್ತಿರುವಾಗ, ಆ ಹೊರಳಾಟ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ ಕಣ್ಣು ಪಳಗಬೇಕು. ಹಾಗೆಯೇ ನಿನ್ನೆವರೆಗೆ ಚೆನ್ನಾಗಿ ಹಾಲು ಕುಡಿಯುತ್ತಿದ್ದ ಎಳೆಗೂಸು ಇವತ್ತು ಮೊಲೆ ಹಿಡಿಯದಿದ್ದರೆ, ಜ್ವರ ಬರುವ ಮೊದಲೇ ಸೋಂಕಿನ ಸಂಶಯ ಬರಬೇಕು. ನೂರು ಆರೋಗ್ಯವಂತ ಕೂಸುಗಳನ್ನು ಎತ್ತಿ ಆಡಿಸಿದವಳಿಗೆ ಆ ಒಂದು ಕೂಸು ಬೇರೆ ಅನಿಸುತ್ತದೆ.

ಪೆಟ್ರೀಷಿಯಾ ಬೆನ್ನರ್ ಎಂಬ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ 1984ರಲ್ಲಿ ಒಂದು ಪುಸ್ತಕ ಬರೆದರು. ನರ್ಸ್ ಒಬ್ಬಳು ಹೊಸಬಳಿಂದ ಪರಿಣತಳಾಗುವ ತನಕ ಐದು ಹಂತ ದಾಟುತ್ತಾಳೆ ಎಂಬುದು ಅವರ ವಿವರಣೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತಾನೇ ತೀರ್ಮಾನಿಸುವ ಮಧ್ಯದ ಹಂತಕ್ಕೆ ಬರಲು ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ಬೇಕು ಎಂದು ಅವರು ಹೇಳುತ್ತಾರೆ. ನಾನು ಎರಡು ವರ್ಷ ಎನ್ನುವುದು ಇದಕ್ಕೇ.

ನಮ್ಮ ಊರಿನದೇ ಒಂದು ಸಂಗತಿ ನೆನಪಿಸುತ್ತೇನೆ. ಹೊನ್ನಾವರ ಕಡೆಯ ಹಳದೀಪುರದಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ ಅವರನ್ನು ಇಲ್ಲಿ ಹಿರಿಯರೆಲ್ಲ ಬಲ್ಲರು. 1973ರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಒಂದು ತಲೆಮಾರು ನಿವೃತ್ತವಾಗಿ ಮುಂದಿನ ತಲೆಮಾರು ಬಂತು, ಆರೈಕೆ ನಿಲ್ಲಲಿಲ್ಲ. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಸೇವೆಯನ್ನು ಕೊಂಡಾಡಿತು. ಅಷ್ಟು ವರ್ಷ ಹಾಸಿಗೆಯಲ್ಲೇ ಇದ್ದವರ ಬೆನ್ನಿಗೆ ಹುಣ್ಣಾಗದಂತೆ ಕಾಯುವುದು ಎಂಥ ಕೆಲಸವೆಂದು ಮನೆಯಲ್ಲಿ ಅತ್ತೆಯನ್ನೋ ತಾಯಿಯನ್ನೋ ನೋಡಿಕೊಂಡವರಿಗೆ ನಾನು ಹೇಳಬೇಕಾಗಿಲ್ಲ. ಆ ವಿದ್ಯೆ ಹಿರಿಯ ಸಿಸ್ಟರ್ ಕೈಯಿಂದ ಕಿರಿಯಳ ಕೈಗೆ ವಾರ್ಡಿನಲ್ಲೇ ದಾಟುತ್ತದೆ.

ಇನ್ನು ಪಾಠ ಮಾಡುವ ಮಾತು. ವಾರ್ಡನ್ನು ಸರಿಯಾಗಿ ಕಾಣದೆ ಎಂ.ಎಸ್ಸಿ. ಮುಗಿಸಿದ ಹುಡುಗಿ 24ನೇ ವಯಸ್ಸಿಗೆ ತರಗತಿಯಲ್ಲಿ ನಿಲ್ಲುತ್ತಾಳೆ. ಬೊಂಬೆಯ ಮೂಗಿಗೆ ರೈಲ್ಸ್ ಟ್ಯೂಬ್ ಹಾಕುವುದನ್ನು ಚೆನ್ನಾಗಿ ತೋರಿಸುತ್ತಾಳೆ. "ಮ್ಯಾಡಂ, ರೋಗಿ ಕೆಮ್ಮಿ ಕೈ ತಳ್ಳಿದರೆ ಏನು ಮಾಡೋದು?" ಎಂದು ವಿದ್ಯಾರ್ಥಿನಿ ಕೇಳಿದರೆ ಪುಸ್ತಕದ ಉತ್ತರ ಮಾತ್ರ ಬರುತ್ತದೆ. ಪ್ರಬಂಧದ ವಿಷಯದಲ್ಲೂ ಹಾಗೇ. ವಾರ್ಡು ಕಾಣದವರು ಹೆಚ್ಚಾಗಿ ಆರಿಸುವುದು "ತಾಯಂದಿರಿಗೆ ಇಂಥ ವಿಷಯದ ತಿಳಿವಳಿಕೆ ಎಷ್ಟಿದೆ" ಎಂಬ ಸವೆದ ವಿಷಯ. ಕೆಲಸ ಮಾಡಿ ಬಂದವಳ ಹತ್ತಿರ ಅವಳದೇ ಪ್ರಶ್ನೆ ಇರುತ್ತದೆ: ನಮ್ಮ ವಾರ್ಡಿನಲ್ಲಿ ಸಲೈನ್ ಸೂಜಿಯ ಜಾಗ ಯಾಕಿಷ್ಟು ಬೇಗ ಊದಿಕೊಳ್ಳುತ್ತದೆ? ಎಂ.ಎಸ್ಸಿ.ಯಲ್ಲಿ ಮೆಡಿಕಲ್-ಸರ್ಜಿಕಲ್, ಮಕ್ಕಳ ಆರೋಗ್ಯ, ಪ್ರಸೂತಿ, ಸಮುದಾಯ ಆರೋಗ್ಯ, ಮಾನಸಿಕ ಆರೋಗ್ಯ ಎಂದು ವಿಭಾಗ ಆರಿಸಬೇಕು. ಯಾವುದು ತನಗೆ ಒಗ್ಗುತ್ತದೆ ಎಂದು ಕೆಲಸ ಮಾಡದೆ ತಿಳಿಯುವುದು ಹೇಗೆ?

ಆ ಕಡೆಯ ಮಾತಿನಲ್ಲೂ ನಿಜ ಇದೆ. ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಹೊಸಬರಿಗೆ ಸಂಬಳ ಕಡಿಮೆ, ರೋಗಿಗಳು ಜಾಸ್ತಿ, ರಜೆ ಕೇಳಿದರೆ ಮುಖ ಗಂಟು. ಓದಿನ ಸಾಲದ ಕಂತು ತಲೆಯ ಮೇಲೆ ಇರುತ್ತದೆ. ಒಮ್ಮೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳಾದ ಮೇಲೆ ಪುಸ್ತಕ ತೆರೆಯಲು ಆಗದವರು ನನ್ನ ಜೊತೆಯವರಲ್ಲೇ ಹಲವರಿದ್ದಾರೆ. ಆದ್ದರಿಂದ ಎರಡು ವರ್ಷ ಎಂದರೆ ಎರಡೇ ವರ್ಷ, ಅದು ಹತ್ತಾಗಬಾರದು. ಆರೋಗ್ಯದ ತೊಂದರೆಯಿಂದ ರಾತ್ರಿ ಪಾಳಿ ಮಾಡಲಾಗದವರು, ಸ್ವಂತ ದೊಡ್ಡ ಆಸ್ಪತ್ರೆ ಇರುವ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕವರು ಒಂದು ವರ್ಷಕ್ಕೇ ಹೊರಡಲಿ. ಆದರೆ ಆ ವರ್ಷ ನಿಜವಾದದ್ದಾಗಿರಲಿ.

ಓದು ಮತ್ತು ವಾರ್ಡು ಒಟ್ಟಿಗೆ ಸಿಗುವ ದಾರಿಗಳೂ ಇವೆ. ಕ್ಯಾನ್ಸರ್, ಐಸಿಯು, ಆಪರೇಷನ್ ಥಿಯೇಟರ್, ನವಜಾತ ಶಿಶು ಹೀಗೆ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ. ಕ್ಯಾನ್ಸರ್ ನರ್ಸಿಂಗ್ ಡಿಪ್ಲೊಮಾ ಇದೇ ಊರಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲೇ ಇದೆ. ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನಲ್ಲಿ ಹೆಚ್ಚಿನ ಕಲಿಕೆ ಐಸಿಯುನಲ್ಲೇ ನಡೆಯುತ್ತದೆ. ಅದಕ್ಕೂ ಒಂದು ವರ್ಷದ ಅನುಭವ ಬೇಕು. ಜಿ.ಎನ್.ಎಂ. ಓದಿದವರು ಏಮ್ಸ್‌ನ ನರ್ಸಿಂಗ್ ಆಫೀಸರ್ ಪರೀಕ್ಷೆಗೆ ಕೂರಬೇಕಾದರೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು ಎಂಬುದನ್ನೂ ಗಮನಿಸಿ.

ಹುಡುಗಿಯರೇ, ಈಗ ನಿಮಗೆ ನಾಲ್ಕು ಮಾತು. ಮೊದಲ ಆಸ್ಪತ್ರೆಯನ್ನು ಅದರ ಗಾಜಿನ ಬಾಗಿಲು ನೋಡಿ ಆರಿಸಬೇಡಿ. ಹೊಸಬರ ಜೊತೆ ಹಿರಿಯ ಸಿಸ್ಟರ್ ಒಬ್ಬರನ್ನು ಹಾಕುತ್ತಾರೆಯೇ ಎಂದು ಕೇಳಿ. ಮೊದಲ ಆರು ತಿಂಗಳು ಜನರಲ್ ವಾರ್ಡಿನಲ್ಲಿರಿ, ಐಸಿಯು ಆಮೇಲೆ. ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಗೂ ಕೊಟ್ಟು ಬರಬೇಡಿ, ನಕಲು ಕೊಡಿ. ಬಾಂಡ್ ಪೂರ್ತಿ ಓದದೆ ಸಹಿ ಹಾಕಬೇಡಿ. ಕರ್ನಾಟಕದಲ್ಲಿ ಓದಿ ಬಂದವರು ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್ ನೋಂದಣಿಯ ಕೆಲಸವನ್ನು ಬಂದ ತಿಂಗಳೇ ಶುರು ಮಾಡಿ. ದಿನಾ ಡ್ಯೂಟಿ ಮುಗಿದ ಮೇಲೆ ಇವತ್ತು ಅರ್ಥವಾಗದ ಒಂದು ಸಂಗತಿಯನ್ನು ಬರೆದಿಡಿ. ಎಂ.ಎಸ್ಸಿ.ಗೆ ಹೋಗುವ ದಿನ ಆ ಪುಸ್ತಕ ನಿಮ್ಮ ಚೀಲದಲ್ಲಿರಲಿ.

ತಾಯಂದಿರಿಗೆ ಒಂದೇ ಮಾತು. ನೈಟ್ ಡ್ಯೂಟಿ ಮಾಡುವ ಮಗಳಿಗಾಗಿ ಹಗಲು ಮನೆಯಲ್ಲಿ ಟಿ.ವಿ. ಸದ್ದು ಕಡಿಮೆ ಮಾಡಿ, ಅವಳ ಪಾಲಿನ ಊಟ ತೆಗೆದಿಡಿ. ಎರಡು ವರ್ಷ ಹೇಗೆ ಕಳೆಯಿತೆಂದು ಗೊತ್ತಾಗುವುದಿಲ್ಲ. ಸಂಬಂಧದವರು "ನೈಟ್ ಇದೆಯಾ" ಎಂದು ಕೇಳಿದರೆ, "ಇದೆ, ನಿಮ್ಮ ಮನೆಯವರು ಆಸ್ಪತ್ರೆ ಸೇರಿದಾಗಲೂ ರಾತ್ರಿ ಯಾರೋ ಒಬ್ಬಳು ಎಚ್ಚರ ಇರುತ್ತಾಳೆ" ಎಂದು ಹೇಳಿ.

ಕೊನೆಗೆ ಮಹಿಳಾ ವಿಭಾಗಕ್ಕೆ ಒಂದು ಸಲಹೆ. ನಮ್ಮ ಸಂಘದಲ್ಲಿ ಕೆಲಸದಲ್ಲಿರುವ, ನಿವೃತ್ತರಾದ ನರ್ಸ್‌ಗಳ ಪಟ್ಟಿ ಮಾಡೋಣ. ಊರಿನಿಂದ ಹೊಸದಾಗಿ ಬಂದ ಪ್ರತಿ ಹುಡುಗಿಗೂ ಒಬ್ಬ ಅಕ್ಕನನ್ನು ಗೊತ್ತು ಮಾಡೋಣ. ಯಾವ ಆಸ್ಪತ್ರೆ, ಯಾವ ಕೋರ್ಸು, ಉಳಿದುಕೊಳ್ಳಲು ಎಲ್ಲಿ ಎಂದು ಅವಳು ಕನ್ನಡದಲ್ಲಿ ಕೇಳುವಂತಾಗಲಿ. ಆ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು ಬರೆದುಕೊಳ್ಳಿ.