ಮಕ್ಕಳಿಗೆ ಸ್ವಶಕ್ತಿಯ ಪರಿಚಯ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

ಶಾಸ್ತ್ರವಿಷಯವನ್ನು ಕುರಿತು ನಾಲ್ಕು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿತ್ತು. ಆದರೆ ಬಹುಕಾಲ ಪಾಠಶಾಲೆಯ ಮಕ್ಕಳ ನಡುವೆ ಬಾಳಿದವನಾದ ನಾನು, ಗ್ರಂಥದಿಂದ ಕಲಿತುದಕ್ಕಿಂತ ಒಬ್ಬ ಬಾಲಕನಿಂದ ಕಲಿತುದನ್ನು ನಿವೇದಿಸುವದೇ ಲೇಸೆಂದು ಭಾವಿಸಿರುವೆನು.

ಪ್ರತಿಯೊಂದು ಮಗುವಿನಲ್ಲಿಯೂ ಯಾವುದಾದರೊಂದು ಶಕ್ತಿಯು ಅಡಗಿರುವದು. ಆದರೆ ಅದು ಇದ್ದ ಮಾತ್ರಕ್ಕೆ ಸಾಲದು. ಇದು ನನ್ನಲ್ಲಿದೆಯೆಂದು ಆ ಮಗುವು ತಾನೇ ಅರಿಯಬೇಕು. ಆ ಅರಿವಿನಿಂದಲೇ ಧೈರ್ಯವು ಹುಟ್ಟುವದು. ಹನ್ನೆರಡನೆಯ ಶತಮಾನದ ಶರಣರ ಚರಿತ್ರೆಯನ್ನು ನೋಡಿರಿ. ದೋಣಿ ನಡೆಸುವ ಚೌಡಯ್ಯನವರು ತಮ್ಮ ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ವಚನಗಳ ಅಂಕಿತವಾಗಿಸಿಕೊಂಡರು. ಹಗ್ಗ ಹೊಸೆಯುವ ನುಲಿಯ ಚಂದಯ್ಯನವರೂ ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನವರೂ ತಮ್ಮ ಕೈಗೆಲಸಕ್ಕೆ ನಾಚಲಿಲ್ಲ. ತಮಗೆ ತಿಳಿದುದನ್ನು ತಮ್ಮ ಮಾತಿನಲ್ಲಿಯೇ ನಿರ್ಭಯವಾಗಿ ನುಡಿದರು.

ಸಮೀಪಕಾಲದ ನಿದರ್ಶನವೂ ನಮ್ಮ ಕಣ್ಣಮುಂದಿದೆ. ೧೯೦೯ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು, ದೃಷ್ಟಿಹೀನನಾದ ಒಬ್ಬ ಬಾಲಕನಲ್ಲಿ ಕಣ್ಣಿನ ಕೊರತೆಯನ್ನೆಣಿಸದೆ ಕಂಠದ ಸಂಪತ್ತನ್ನು ಗುರುತಿಸಿ, ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳೆನಿಸಿದನು (೧೮೯೨–೧೯೪೪). ಅವರ ಬಳಿ ಬೆಳೆದ ಪುಟ್ಟರಾಜ ಗವಾಯಿಗಳೂ (೧೯೧೪–೨೦೧೦) ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಅನೇಕ ಅಂಧಬಾಲಕರ ಕೈಗೆ ವಾದ್ಯವನ್ನಿತ್ತು ಬಾಳಿಗೆ ಆಧಾರವನ್ನು ಕಲ್ಪಿಸಿದರು. ಗುರುವು ಒಬ್ಬ ಬಾಲಕನಲ್ಲಿರುವದನ್ನು ಕಂಡುದರ ಫಲವು ಎಷ್ಟು ತಲೆಗಳವರೆಗೆ ಹರಿಯಿತೆಂಬುದನ್ನು ವಿಚಾರಿಸಿರಿ.

ಇದೆಲ್ಲವನ್ನೂ ಬಲ್ಲವನಾಗಿದ್ದರೂ ನಾನು ಒಮ್ಮೆ ತಪ್ಪಿದೆನು. ನಮ್ಮ ಪಾಠಶಾಲೆಗೆ ಒಬ್ಬ ಒಕ್ಕಲಿನ ಮನೆಯ ಹುಡುಗನು ಬಂದಿದ್ದನು. ಪ್ರಾತಃಕಾಲದಲ್ಲಿ ಅಮರಕೋಶವನ್ನೊಪ್ಪಿಸಲು ನಿಂತರೆ ಎರಡನೆಯ ಚರಣಕ್ಕೇ ಅವನ ನಾಲಗೆ ತಡೆಯುತ್ತಿದ್ದಿತು. ಒಂದು ದಿನ ತಾಳ್ಮೆಗೆಟ್ಟು, ಎಲ್ಲರೆದುರಿನಲ್ಲಿ ಅವನನ್ನು ದಡ್ಡನೆಂದು ಜರಿದೆನು. ಅಂದಿನಿಂದ ಅವನು ಬಲ್ಲ ಪ್ರಶ್ನೆಗೂ ಉತ್ತರ ಕೊಡದಾದನು. ಊರಿಗೆ ಹೋಗುವೆನೆಂದು ಗಂಟು ಕಟ್ಟಿಟ್ಟಿದ್ದನೆಂಬ ಸಂಗತಿಯು ನನಗೆ ಆಮೇಲೆ ತಿಳಿಯಿತು.

ಜಾತ್ರೆ ಮುಗಿದ ಮರುದಿನ ದಾಸೋಹದ ಮನೆಯ ಮುದುಕ ಅಡಿಗೆಯವನು ನನ್ನಲ್ಲಿಗೆ ಬಂದು, “ಅಯ್ಯನವರ, ನೀವು ಈ ಹುಡುಗನ್ನ ದಡ್ಡ ಅಂತೀರಿ. ಪಂಕ್ತಿ ನೋಡಿದ ಕೂಡಲೆ ಎಷ್ಟು ಸೇರು ಅಕ್ಕಿ ಬೇಕಂತ ಹೇಳ್ತಾನ್ರಿ. ಈ ಜಾತ್ರ್ಯಾಗ ಅನ್ನ ಹಾಳಾಗಲಿಲ್ಲ, ಕಡಿಮೀನೂ ಬೀಳಲಿಲ್ಲ” ಎಂದನು. ಆ ಮಾತನ್ನು ಕೇಳಿ ನನ್ನ ತಲೆ ತಗ್ಗಿತು.

ಮರುದಿನ ಛಂದಸ್ಸಿನ ಪಾಠ. ಗುರು, ಲಘು ಎಂಬ ಎರಡೇ ಬಗೆಗಳಿರಲಾಗಿ ಮೂರಕ್ಷರದ ಗಣಗಳು ಎಂಟೇ ಏಕೆಂದು ಕೇಳಿ, ಅವನ ಕಡೆಗೆ ನೋಡಿದೆನು. ಕೆಲಹೊತ್ತು ಬೆರಳೆಣಿಸಿ, “ಒಂದಕ್ಷರಕ್ಕೆ ೨, ಎರಡಕ್ಕೆ ೪, ಮೂರಕ್ಕೆ ೮, ನಾಲ್ಕಾದರೆ ೧೬ ಆಗಬೇಕು” ಎಂದನು. ನಾಲ್ಕರ ಮಾತನ್ನು ನಾನು ಕೇಳಿಯೇ ಇರಲಿಲ್ಲ! “ನಿನ್ನನ್ನು ಜರಿದುದು ನನ್ನ ತಪ್ಪು, ಎಣಿಕೆಯು ನಿನ್ನ ಬಲ” ಎಂದು ಎಲ್ಲರೆದುರಿನಲ್ಲಿಯೇ ಹೇಳಿದೆನು. ಬಳಿಕ ಅವನು ಪ್ರತಿಯೊಂದು ಚರಣದ ಅಕ್ಷರಗಳನ್ನೆಣಿಸಿ, ಎಲ್ಲಿ ತಪ್ಪಿತೆಂಬುದನ್ನು ತಾನೇ ಹಿಡಿಯುತ್ತ, ಶ್ಲೋಕಗಳನ್ನು ಬಾಯಿಪಾಠ ಮಾಡಿದನು. ಅವನೇನೂ ಮಹಾಪಂಡಿತನಾಗಲಿಲ್ಲ, ಆದರೆ ಕಟ್ಟಿದ ಗಂಟನ್ನು ಬಿಚ್ಚಿದನು.

ಆದುದರಿಂದ ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟು. ಮಗುವು ಯಾವ ಕೆಲಸದಲ್ಲಿ ಹೊತ್ತು ಹೋದುದನ್ನು ಮರೆಯುವದೋ ಅದನ್ನು ಲಕ್ಷ್ಯವಿಟ್ಟು ನೋಡಿರಿ. ಪರೀಕ್ಷೆಯ ಅಂಕಗಳು ಮಗುವಿನ ಒಂದು ಪಾರ್ಶ್ವವನ್ನಷ್ಟೇ ತೋರಿಸತಕ್ಕವು. ಬರಿದೆ ಜಾಣನೆಂದು ಹೊಗಳದೆ, ಅವನು ಏನನ್ನು ಹೇಗೆ ಚೆನ್ನಾಗಿ ಮಾಡಿದನೆಂಬುದನ್ನು ಬಿಡಿಸಿ ಹೇಳಿರಿ. ಹುಸಿಹೊಗಳಿಕೆಯಿಂದ ಬಂದ ಧೈರ್ಯವು ಮೊದಲನೆಯ ಸೋಲಿಗೇ ಕುಸಿಯುವದು. ವಯಸ್ಸಿಗೆ ತಕ್ಕ ನಿಜವಾದ ಹೊಣೆಯೊಂದನ್ನು ಒಪ್ಪಿಸಿರಿ. ಅಣ್ಣತಮ್ಮಂದಿರನ್ನು ಒಬ್ಬರೊಡನೊಬ್ಬರನ್ನು ತೂಗಬೇಡಿರಿ. ಹೆಣ್ಣುಮಗುವಿನ ಶಕ್ತಿಯನ್ನು ಒಲೆಯ ಮುಂದೆಯೇ ಅಳೆಯಬೇಡಿರಿ. ತಪ್ಪಿದರೆ ತಿದ್ದಿರಿ, ಆದರೆ ನಾಲ್ವರೆದುರಿನಲ್ಲಿ ಹಂಗಿಸಬೇಡಿರಿ. ನಾವೇ ತಪ್ಪಿದಾಗ ಮಗುವಿನೆದುರಿನಲ್ಲಿ ಒಪ್ಪಿಕೊಳ್ಳುವದರಿಂದ ನಮ್ಮ ಗೌರವಕ್ಕೆ ಕುಂದಿಲ್ಲ.

ಶ್ರೀಮಠದ ಈ ಮಹೋತ್ಸವಕ್ಕೆ ಭಕ್ತರು ಬಗೆಬಗೆಯ ಕಾಣಿಕೆಗಳನ್ನು ತಂದಿರುವಿರಿ. ಇಂದು ಮನೆಗೆ ಹೋದ ಬಳಿಕ ನಿಮ್ಮ ಮಗುವನ್ನು ಹತ್ತಿರಕ್ಕೆ ಕರೆದು, ಅದರಲ್ಲಿ ಕಂಡ ಒಂದು ಗುಣವನ್ನು ಅದಕ್ಕೆ ತಿಳಿಸಿರಿ. ಇದೂ ಗುರುಸೇವೆಯೇ ಎಂದು ನಿವೇದಿಸಿ, ನನ್ನ ಭಾಷಣವನ್ನು ಮುಗಿಸುತ್ತೇನೆ.