ಭಿತ್ತಿ ಮತ್ತು ಭೀತಿ



ಉತ್ತರ ಐರ್ಲೆಂಡಿನಲ್ಲಿ ಬೆಲ್‌ಫಾಸ್ಟ್ ಎಂಬ ಪಟ್ಟಣವಿದೆ. ಅಲ್ಲಿ ಫಾಲ್ಸ್ ರಸ್ತೆಯ ಸುತ್ತ ಕ್ಯಾಥೊಲಿಕರು, ಶಾಂಕಿಲ್ ರಸ್ತೆಯ ಸುತ್ತ ಪ್ರಾಟೆಸ್ಟೆಂಟರು ವಾಸವಾಗಿದ್ದಾರೆ. ಇಬ್ಬರೂ ಆರಾಧಿಸುವುದು ಒಬ್ಬನೇ ಕ್ರಿಸ್ತನನ್ನು. ಆದರೂ ಈ ಎರಡು ಕೇರಿಗಳ ನಡುವೆ ಗೋಡೆಯಿದೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ತಂತಿಯ ಬಲೆ. ಹೀಗೆ 20 ಅಡಿಗೂ ಮೀರಿ ಎದ್ದು ನಿಂತಿದೆ. ಇಂಥವಕ್ಕೆ ಅವರು ಇಟ್ಟ ಹೆಸರು ಶಾಂತಿಯ ಗೋಡೆ!

ಇದು ಬರಿಯ ದೇವರ ಹೆಸರಿನ ಜಗಳವೆಂದು ನೀವು ತಿಳಿಯಬಾರದು. 1609ರ ನಂತರ ಸ್ಕಾಟ್ಲೆಂಡ್, ಇಂಗ್ಲೆಂಡುಗಳಿಂದ ಜನರನ್ನು ತಂದು ಆ ಸೀಮೆಯಲ್ಲಿ ನೆಲೆಗೊಳಿಸಿದರು. ಭೂಮಿ ಕಳೆದುಕೊಂಡವರು ಒಂದು ಪಂಥದವರು, ಪಡೆದವರು ಇನ್ನೊಂದು ಪಂಥದವರು. ಮುಂದೆ ಬ್ರಿಟನ್ನಿನೊಡನೆ ಉಳಿಯಬೇಕೋ, ಐರ್ಲೆಂಡಿನೊಡನೆ ಕೂಡಬೇಕೋ ಎಂಬ ವಿವಾದ ಸೇರಿತು. ಮನೆ, ನೌಕರಿಗಳಲ್ಲಿನ ಪಕ್ಷಪಾತ ಸೇರಿತು. ಮತವು ಗುರುತಿಗೆ ಒದಗಿತು.

1969ರ ಆಗಸ್ಟಿನಲ್ಲಿ ಕ್ಯಾಥೊಲಿಕರ ಬಾಂಬೆ ಸ್ಟ್ರೀಟ್ ಎಂಬ ಬೀದಿಯ ಮನೆಗಳು ಉರಿದು ಹೋದವು. (ಹೆಸರು ನಮ್ಮ ಮುಂಬಯಿಯದೇ.) ಸೇನೆಯವರು ಬಂದು ನಡುವೆ ಮುಳ್ಳುತಂತಿ ಎಳೆದರು. ಇದು ಕೆಲವು ದಿನಗಳ ಏರ್ಪಾಡು ಎಂದು ಅಂದಿನ ಸೇನಾಪತಿ ಹೇಳಿದ್ದುಂಟು. ಬರ್ಲಿನ್ನಿನ ಗೋಡೆ 28 ವರ್ಷಕ್ಕೆ ಬಿತ್ತು. ಇದು 50 ವರ್ಷ ದಾಟಿದೆ. ಸುಮಾರು 3,500 ಜನರು ಸತ್ತ ಮೇಲೆ 1998ರಲ್ಲಿ ಒಪ್ಪಂದವಾಯಿತು. ಒಪ್ಪಂದದ ತರುವಾಯವೂ ಹೊಸ ಗೋಡೆಗಳೆದ್ದವು! 2023ರೊಳಗೆ ಎಲ್ಲವನ್ನೂ ತೆಗೆಯುತ್ತೇವೆಂದು ಅಲ್ಲಿಯ ಸರಕಾರ 2013ರಲ್ಲಿ ಮಾತು ಕೊಟ್ಟಿತು. ಆ ವರ್ಷವೂ ಕಳೆಯಿತು, ಗೋಡೆಗಳು ಉಳಿದವು.

ಕೆಡವಬಾರದೇಕೆ ಎಂದು ನೀವು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ಗೋಡೆಯ ಬುಡದ ಮನೆಗಳಲ್ಲಿ ಹಿತ್ತಿಲಿಗೂ ತಂತಿಯ ಪಂಜರ ಹಾಕಿಕೊಂಡಿದ್ದಾರೆ, ಆಚೆಯಿಂದ ಕಲ್ಲು ಬೀಳುವುದೆಂದು. ಅಲ್ಲಿ ಮಗುವನ್ನು ಮಲಗಿಸುವ ತಾಯಿಗೆ ‘ಅಮ್ಮಾ, ಗೋಡೆ ತೆಗೆಸು’ ಎಂದು ಹೇಳುವ ಅಧಿಕಾರ ದೂರದಲ್ಲಿ ಪೀಠದ ಮೇಲೆ ಕುಳಿತ ನಮಗಿಲ್ಲ. ಅವಳು ದ್ವೇಷದಿಂದ ಗೋಡೆ ಬೇಕೆನ್ನುವುದಿಲ್ಲ, ನಿದ್ರೆಗಾಗಿ ಬೇಕೆನ್ನುತ್ತಾಳೆ.

ಸಂಸ್ಕೃತದಲ್ಲಿ ಗೋಡೆಗೆ ಭಿತ್ತಿ ಎಂದು ಹೆಸರು. ಸೀಳು ಎಂಬರ್ಥದ ‘ಭಿದ್’ ಧಾತುವಿನಿಂದ ಬಂದದ್ದು. ಭೀತಿಯು ‘ಭೀ’ ಧಾತುವಿನದು. ವೈಯಾಕರಣರು ಇವೆರಡನ್ನೂ ಬೇರೆಬೇರೆ ಇಟ್ಟರು. ಬೆಲ್‌ಫಾಸ್ಟಿನಲ್ಲಿ ಅವು ಒಂದೇ ಮನೆಯಲ್ಲಿವೆ: ಭೀತಿ ಭಿತ್ತಿಯನ್ನು ಕಟ್ಟಿತು, ಭಿತ್ತಿ ಭೀತಿಯನ್ನು ಸಾಕಿತು. ಆಚೆಯವನ ಮುಖವನ್ನೇ ಕಾಣದೆ ಬೆಳೆದ ಹುಡುಗನಿಗೆ ಆಚೆಯವನು ರಾಕ್ಷಸನಲ್ಲದೆ ಮತ್ತೇನಾಗಿ ತೋರಿಯಾನು?

ಇನ್ನೂ ಒಂದು ಸಂಗತಿ ನಮ್ಮ ಮನಸ್ಸಿನಿಂದ ಹೋಗಲೊಲ್ಲದು. ಆ ಊರಿನ ನಗರ ಸ್ಮಶಾನ ತೆರೆದದ್ದು 1869ರಲ್ಲಿ. ಎರಡು ಪಂಥದವರ ಹೆಣಗಳು ಬೆರೆಯಬಾರದೆಂದು ಅಲ್ಲಿ ನೆಲದೊಳಗೆ ಒಂಬತ್ತು ಅಡಿ ಆಳದ ಗೋಡೆ ಕಟ್ಟಿದರು. ಮೇಲೆ ಹುಲ್ಲು ಒಂದೇ. ಕೆಳಗೆ ಮಾತ್ರ ಗೋಡೆ! ಕಲ್ಲೆಸೆಯಲು ಕೈಯಿಲ್ಲದವರಿಗೂ ಭಯಪಟ್ಟರಲ್ಲ!

ಅದೇ ಊರಿನಲ್ಲಿ ಅಲೆಕ್ಸಾಂಡ್ರಾ ಪಾರ್ಕ್ ಎಂಬ ಉದ್ಯಾನವಿದೆ. 1994ರಲ್ಲಿ ಅದರ ನಡುವೆಯೂ ಗೋಡೆ ಹಾಕಿದರು. ಆಟದ ಬಯಲು ಎರಡಾಯಿತು. 17 ವರ್ಷಗಳ ನಂತರ ಎರಡೂ ಕಡೆಯ ನಿವಾಸಿಗಳು ಕುಳಿತು ಮಾತಾಡಿ, 2011ರಲ್ಲಿ ಆ ಗೋಡೆಗೊಂದು ಬಾಗಿಲು ಇಡಿಸಿದರು. ಮೊದಮೊದಲು ಅದನ್ನು ಹಗಲಿನ ಕೆಲವು ಗಂಟೆ ಮಾತ್ರ ತೆರೆದು, ಮತ್ತೆ ಬೀಗ ಹಾಕುತ್ತಿದ್ದರು. ಗೋಡೆ ಹಾಗೆಯೇ ಇತ್ತು. ಬಾಗಿಲು ತೆರೆದಷ್ಟು ಹೊತ್ತು ಮಕ್ಕಳು ಆಚೀಚೆ ಹೋಗಿ ಬರುತ್ತಿದ್ದರು.